ಗರಡಿಯಿಂದ ಬಂದ ವೈದ್ಯ

"ಈ ವರ್ಷ ನೆರೆರಾಜ್ಯದ ವಿದ್ಯಾರ್ಥಿಗಳನ್ನು ಕುಸ್ತಿಯಲ್ಲಿ ಮಣ್ಣುಮುಕ್ಕಿಸಿಯೇ ಸಿದ್ಧ!" ಎಂದು ಹೇಮಗಿರಿಯ ದೊರೆ ವೀರನರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಹೇಮಗಿರಿಯ ವೈದ್ಯಪೀಠ ದೂರದೂರಕ್ಕೆ ಹೆಸರಾದದ್ದು. ಅದರ ಪ್ರವೇಶ ಪರೀಕ್ಷೆಗೆ ಪಂಡಿತರ ಮಕ್ಕಳೂ ಬೆವರುತ್ತಿದ್ದರು. ಆದರೆ ಅಲ್ಲಿ ಓದುವವರ ತೋಳೋ, ನುಗ್ಗೇಕಾಯಿ! ವಿದ್ಯಾರ್ಥಿಗಳ ಕುಸ್ತಿಯಲ್ಲಿ ಪ್ರತಿವರ್ಷ ಸೋಲು.

"ಗರಡಿಯ ಕೆಂಪಣ್ಣನನ್ನು ಪೀಠಕ್ಕೆ ಸೇರಿಸಿಕೊಳ್ಳಿ" ಎಂದ ದೊರೆ.

ಪೀಠದ ಆಚಾರ್ಯರು ಕೈಮುಗಿದರು. "ಪ್ರಭು, ಪರೀಕ್ಷೆ..."

"ಅವನ ತೊಡೆ ನೋಡಿದ್ದೀರಾ? ಇನ್ನೆಂಥ ಪರೀಕ್ಷೆ?"

"ಜಾಗವಿಲ್ಲ, ಪ್ರಭು."

"ಯಾರನ್ನಾದರೂ ಮನೆಗೆ ಕಳಿಸಿ!"

ಹಾಗೆ, ಕಷ್ಟಪಟ್ಟು ಓದಿ ಪರೀಕ್ಷೆ ಗೆದ್ದಿದ್ದ ಸಿರಿಯವ್ವೆ ಎಂಬ ಹುಡುಗಿ ಗಂಟುಮೂಟೆ ಕಟ್ಟಬೇಕಾಯಿತು. ಪೀಠದ ಬಾಗಿಲಲ್ಲಿ ಅಳುತ್ತ ನಿಂತವಳನ್ನು ಆಸ್ಥಾನದ ಚತುರ ಸೋವಣ್ಣ ಕಂಡ.

"ಊರಿಗೆ ಹೋಗಬೇಡ ತಾಯಿ. ಸ್ವಲ್ಪ ದಿನ ನಮ್ಮ ಮನೆಯಲ್ಲಿರು" ಎಂದ.

ಕೆಂಪಣ್ಣ ಕುಸ್ತಿ ಗೆದ್ದ. ದೊರೆಗೆ ಎಷ್ಟು ಹಿಗ್ಗೆಂದರೆ, ಅಖಾಡದಲ್ಲೇ ಶಾಲು ಹೊದಿಸಿ ವೈದ್ಯ ಪದವಿ ಕೊಟ್ಟುಬಿಟ್ಟ.

"ಬುದ್ಧೀ, ನಾನಿನ್ನೂ ಒಂದು ಪಾಠಾನೂ ಕೇಳಿಲ್ಲ" ಎಂದ ಕೆಂಪಣ್ಣ, ಮೈಮಣ್ಣು ಒರೆಸಿಕೊಳ್ಳುತ್ತ.

"ಗೆದ್ದೆಯಲ್ಲ, ಸಾಕು!"

ಆಮೇಲೆ ದೊರೆಗೆ ಊರೂರಲ್ಲಿ ಸನ್ಮಾನ. ಹಾರಗಳ ಭಾರಕ್ಕೋ ಏನೋ, ಒಂದು ಬೆಳಗ್ಗೆ ಕುತ್ತಿಗೆ ಹಿಡಿದುಕೊಂಡಿತು. ಅತ್ತಲೂ ತಿರುಗದು, ಇತ್ತಲೂ ತಿರುಗದು.

"ಅಯ್ಯೋ, ವೈದ್ಯರನ್ನು ಕರೆತನ್ನಿ!"

ಸೋವಣ್ಣ ಕರೆತಂದದ್ದು ಕೆಂಪಣ್ಣನನ್ನು. ಬಾಗಿಲು ತುಂಬ ನಿಂತ ಆ ದೇಹವನ್ನು ಓರೆಗಣ್ಣಲ್ಲಿ ಕಂಡು ದೊರೆ ಹೌಹಾರಿದ.

"ಇವನೇಕೆ?"

"ತಾವೇ ಪದವಿ ಕೊಟ್ಟ ವೈದ್ಯರು, ಪ್ರಭು."

ಕೆಂಪಣ್ಣನಿಗೆ ಅಳುವುದೊಂದು ಬಾಕಿ. "ಬುದ್ಧೀ, ನಂಗೆ ಕುತ್ತಿಗೆ ಹಿಡಿಯೋಕೆ ಬರುತ್ತೆ. ಬಿಡಿಸೋಕೆ ಬರಲ್ಲ."

"ವಿನಯ, ಪ್ರಭು! ದೊಡ್ಡ ವೈದ್ಯರೆಲ್ಲ ಹೀಗೇ" ಎಂದ ಸೋವಣ್ಣ. "ಶುರುಮಾಡಿ, ಪಂಡಿತರೇ."

ದೊರೆ ಮಂಚದ ಮೂಲೆಗೆ ಸರಿದ. "ತಡೆಯೋ! ಇವನ ಕೈಗುಣ ಹೇಗೆ, ಅದನ್ನು ಹೇಳು ಮೊದಲು!"

"ಕೈಗುಣಕ್ಕೇನು, ಪ್ರಭು! ಇವರು ಮಲಗಿಸಿದವರು ಇದುವರೆಗೆ ಒಬ್ಬರೂ ಎದ್ದಿಲ್ಲ."

ದೊರೆ ಪಕ್ಕನೆ ನಕ್ಕ, ನೋವಿಗೆ ಚೀರಿದ, ಮತ್ತೆ ನಕ್ಕ.

"ಸಾಕು ಮಾರಾಯ, ನಗಿಸಬೇಡ! ಆಚಾರ್ಯರನ್ನು ಕರೆಸು. ಇವನಿಗಾಗಿ ಯಾರನ್ನು ಮನೆಗೆ ಕಳಿಸಿದರೋ ಅವರಿಗೆ ಜಾಗ ಇವತ್ತೇ ಸಿಗಲಿ. ಕೆಂಪಣ್ಣ ಗರಡಿಗೆ ಗುರುವಾಗಲಿ."

ಕೆಂಪಣ್ಣ ಖುಷಿಯಿಂದ ತೊಡೆ ತಟ್ಟಿದ. ದೊರೆ ಬೆರಳಿನ ಉಂಗುರ ತೆಗೆದು ಸೋವಣ್ಣನತ್ತ ಚಾಚಿದ, ಮುಖ ಮಾತ್ರ ಗೋಡೆಯ ಕಡೆಗೇ ಇತ್ತು.