ಅಮಾವಾಸ್ಯೆ ರಜೆ ಪಡೆದ ಬೆಸುಗೆ

ಬೆಂಕಿ ಉರಿಯುವಾಗ ಸುಮ್ಮನಿರುತ್ತದೆ, ಆರಿದ ಮೇಲೆ ಕಬ್ಬಿಣ ತಿನ್ನುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ. ನನಗಂತೂ ಹೊಳೆಯಲಿಲ್ಲ, ನಮ್ಮ ಮಠದ ಪಂಡಿತರಿಗೂ ಹೊಳೆಯಲಿಲ್ಲ.

ಶಿಷ್ಯ ಗುರುಮಲ್ಲ ಅವತ್ತು ಗುರುಗಳನ್ನು ಕೇಳಿದ್ದು ಬೇರೆಯದೇ ಪ್ರಶ್ನೆ.

"ಬುದ್ಧಿ, ಹೋದ ವರ್ಷ ಅಣ್ಣನ ಮೇಲೆ ಕೈ ಮಾಡಿ ಮನೆ ಬಿಟ್ಟು ಬಂದೆ. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ನಾಳಿದ್ದು ತಂಗಿಯ ಮದುವೆ, ಅಣ್ಣನೂ ಇರುತ್ತಾನೆ. ಸಿಟ್ಟು ಹೋಯಿತು ಅಂತ ನಂಬಿ ಹೋಗಲೇ?"

ಗುರುಗಳು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕತೆ ಹೇಳಿದರು.

ಒಂದು ಮಿಲ್ಲು. ಅದರ ಬಾಯ್ಲರಿನಲ್ಲಿ ಹಗಲೂ ರಾತ್ರಿ ಕಲ್ಲಿದ್ದಲು ಉರಿಯುತ್ತಿತ್ತು. ಅಮಾವಾಸ್ಯೆಗೆ ಮಾತ್ರ ಬೆಂಕಿ ಆರಿಸಿ ಮಿಲ್ಲಿಗೆ ರಜೆ ಕೊಡುತ್ತಿದ್ದರು. ಹೊಗೆ ಹೋಗುವ ತಗಡಿನ ಕೊಳವೆ ಬೆಸುಗೆ ಹಾಕಿದ ಕಡೆಯೇ ತೂತು ಬೀಳುತ್ತಿತ್ತು. ಅದರ ಕೆಳಗೆ ನಿಂತು ಕಲ್ಲಿದ್ದಲು ಹಾಕಲು ಒಬ್ಬ ಆಳು.

ಯಜಮಾನ ಒಬ್ಬ ವೆಲ್ಡರನ್ನು ಕರೆಸಿದ. ವೆಲ್ಡರ್ ಬೇರೆ ಲೋಹ ತಂದು ಎರಡು ತಗಡನ್ನು ಬೆಸೆದ. ಆ ತುಂಡನ್ನು ಕೊಳವೆಯೊಳಗೆ ತಂತಿಯಲ್ಲಿ ತೂಗುಬಿಟ್ಟ. "ಆರು ತಿಂಗಳು ಇರಲಿ. ಬೆಸುಗೆ ಉಳಿದರೆ ಇಡೀ ಕೊಳವೆಯನ್ನು ಇದರಲ್ಲೇ ಮಾಡೋಣ" ಎಂದ.

ವೆಲ್ಡರ್ ದೈವಭಕ್ತ. ಪ್ರತಿ ಅಮಾವಾಸ್ಯೆ ಬೆಂಕಿ ಆರಿಸುವ ಮೊದಲೇ ಬಂದು ತುಂಡನ್ನು ಹೊರಗೆಳೆಯುವನು. ಒರೆಸಿ, ಕುಂಕುಮ ಇಟ್ಟು, ತನ್ನ ಸಾಮಾನಿನ ಜೊತೆ ಪೂಜೆಗೆ ಇಡುವನು. ಮರುದಿನ ಬೆಂಕಿ ಹತ್ತಿಕೊಂಡ ಮೇಲೆ ಮತ್ತೆ ಒಳಗೆ ತೂಗುಬಿಡುವನು.

"ಏನಣ್ಣ, ತಗಡಿಗೂ ರಜೆ ಕೊಟ್ಟೆಯಾ? ನನಗೆ ಇವತ್ತೂ ಬೂದಿ ಎಳೆಯೋ ಕೆಲಸ ಇದೆ" ಎಂದು ಆಳು ಕೆಣಕಿದ.

"ನಿನ್ನನ್ನೂ ತಂತಿಗೆ ಕಟ್ಟಿದರೆ ರಜೆ ಸಿಗುತ್ತೆ, ಬಾ" ಎಂದ ವೆಲ್ಡರ್.

ಆರು ತಿಂಗಳಾಯಿತು. ಬೆಸುಗೆ ಹೊಸದರ ಹಾಗೇ ಇತ್ತು. ಯಜಮಾನ ಇಡೀ ಕೊಳವೆ ಮಾಡಿಸಿದ. ವರ್ಷ ತುಂಬುವ ಮೊದಲೇ ಬೆಸುಗೆ ಬಿಟ್ಟಿತು. ಬಿಸಿ ಹೊಗೆ ಕೆಳಗೆ ನುಗ್ಗಿ ಆಳಿನ ಭುಜ ಬೆಂದಿತು.

ಮಿಲ್ಲು ನಿಂತಿತು. ತಣ್ಣಗಾದ ಕೊಳವೆಯೊಳಗೆ ವೆಲ್ಡರ್ ತೆವಳಿ ಹೋದ. ತಗಡು ಒದ್ದೆಯಾಗಿತ್ತು. ಮುಟ್ಟಿದರೆ ಬೆರಳು ಚುರ್ ಅಂದಿತು. ಬಿಸಿಯಿದ್ದಾಗ ಹೊಗೆಯ ಜೊತೆ ಹಾರಿಹೋಗುವ ಆಸಿಡ್, ತಗಡು ತಣಿದಾಗ ಇಬ್ಬನಿಯಾಗಿ ಬೆಸುಗೆಯ ಮೇಲೆ ಕೂತು ಅದನ್ನು ತಿಂದಿತ್ತು.

ಹೊರಗೆ ಬಂದಾಗ ಯಜಮಾನ ಕೇಳಿದ. "ಅಲ್ಲಯ್ಯಾ, ಪರೀಕ್ಷೆ ಮಾಡಿದ ತುಂಡಿಗೆ ಏನೂ ಆಗಲಿಲ್ಲವಲ್ಲ?"

ವೆಲ್ಡರ್ ಆಳಿನ ಭುಜ ನೋಡಿದ. "ತಿನ್ನೋ ದಿನ ಅದು ಒಳಗಿರಲೇ ಇಲ್ಲ, ಯಜಮಾನ್ರೇ. ನಾನೇ ಈಚೆ ತೆಗೆದು ಕುಂಕುಮ ಇಡ್ತಿದ್ದೆ."

ಗುರುಗಳು ಕತೆ ನಿಲ್ಲಿಸಿ ಗುರುಮಲ್ಲನ ಕಡೆ ತಿರುಗಿದರು.

"ಈ ವರ್ಷದಲ್ಲಿ ನಿನ್ನ ಅಣ್ಣ ಮಠಕ್ಕೆ ಎಷ್ಟು ಸಲ ಬಂದಿದ್ದನಪ್ಪಾ?"



ಆ ಕೊನೆಯ ಪ್ರಶ್ನೆ ಮಾತ್ರ ಗುರುಗಳದ್ದಲ್ಲ, ನಾನು ಕಟ್ಟಿದ್ದು. ಅವರು ಕುಂಕುಮದ ಮಾತಿಗೇ ಕತೆ ಮುಗಿಸಿ ಊಟಕ್ಕೆ ಎದ್ದಿದ್ದರು. ಗುರುಮಲ್ಲ ಊಟಕ್ಕೂ ಏಳದೆ ಕೂತದ್ದು ನಿಜ.