ಉಲ್ಲಂಕಿ ಬಿಟ್ಟುಕೊಡದ ಎಲೆ

ಲೋಕ ಇನ್ನೂ ಹಸಿಹಸಿಯಾಗಿತ್ತು, ಮಗಾ. ಸಮುದ್ರಕ್ಕೆ ಉಪ್ಪು ಹಿಡಿದು ಬಹಳ ದಿನವಾಗಿರಲಿಲ್ಲ. ಹೊಳೆ ಬಂದು ಸಮುದ್ರ ಸೇರುವ ಕಡೆ, ಮೊಣಕಾಲುದ್ದ ಕೆಸರು ಹಾಸಿಕೊಂಡು ಅಳಿವೆಯಮ್ಮ ಕೂತಿದ್ದಳು. ಊಟಕ್ಕೆ ಹಾಕುವುದೆಂದರೆ ಅವಳಿಗೆ ಜೀವ. ಬಡಗಣ ದೇಶದಲ್ಲಿ ಹಿಮ ಬಿದ್ದು ನೆಲವೆಲ್ಲ ಕಲ್ಲಾದಾಗ ಅಲ್ಲಿಯ ಹಕ್ಕಿಗಳು ಅವಳ ಮನೆಗೇ ಬರುತ್ತಿದ್ದವು.

ನೀರು ತುಂಬಿದಾಗ ಕೆಸರು ಮುಳುಗುತ್ತದಲ್ಲ, ಆಗ ಹಕ್ಕಿಗಳೆಲ್ಲ ಮರಳುದಿಬ್ಬದ ಮೇಲೆ ಒತ್ತೊತ್ತಾಗಿ ನಿಲ್ಲಬೇಕು. ಎಣಿಸುವುದಕ್ಕೆ ಅದೇ ಸರಿಯಾದ ಹೊತ್ತು. ನೀರು ಇಳಿಯುವಷ್ಟರಲ್ಲಿ ಎಷ್ಟು ಎಲೆ ಹಾಕಬೇಕು ಅಂತ ಅಳಿವೆಯಮ್ಮನಿಗೆ ಹೇಳಿಬಿಡಬೇಕು. ಅಷ್ಟು ಎಲೆಗೆ ಆಗುವಷ್ಟೇ ಹುಳ, ಅಷ್ಟೇ ಸಿಗಡಿಮರಿ ಬಡಿಸುತ್ತಿದ್ದಳು.

ಎಣಿಸುವ ಕೆಲಸ ಉಲ್ಲಂಕಿಯದು. ಕಂದು ಬೆನ್ನು, ಬಿಳಿ ಹೊಟ್ಟೆ, ಹಿಡಿಯಷ್ಟು ಹಕ್ಕಿ. ಕೂತಲ್ಲಿ ಕೂರುವ ಜಾತಿಯೇ ಅಲ್ಲ, ನಿನ್ನ ಹಾಗೆ! ಲೆಕ್ಕ ತಪ್ಪಬಾರದೆಂದು ಒಂದು ಹಕ್ಕಿಗೆ ಒಂದು ಸಲ ಬಾಲ ಕುಣಿಸುತ್ತಿದ್ದಳು.

ಒಂದು ವರ್ಷ ಬರುವ ದಾರಿಯಲ್ಲಿ, ಹಿಮದ ಬೆಟ್ಟ ದಾಟುವಾಗ, ಅವಳ ತಂಗಿ ಬೊಮ್ಮಿಗೆ ರೆಕ್ಕೆ ಸೋತಿತು. ಬಂಡೆಯ ಮೇಲೆ ಇಳಿದವಳು, ನೀವು ಹೋಗ್ತಾ ಇರಿ, ಹಿಂದೆಯೇ ಬಂದೆ ಅಂದಳು. ಗಾಳಿ ಜೋರಿತ್ತು, ಗುಂಪು ನಿಲ್ಲಲಿಲ್ಲ. ಉಲ್ಲಂಕಿಯೂ ನಿಲ್ಲಲಿಲ್ಲ.

ಅಳಿವೆಗೆ ಬಂದು ಎಣಿಸಿದಳು. ಕೊನೆಯ ಹಕ್ಕಿ ಆದ ಮೇಲೂ ಬಾಲ ಇನ್ನೊಂದು ಸಲ ಕುಣಿಯಿತು. ಅದು ಬೊಮ್ಮಿಯ ಲೆಕ್ಕ. ಹಿಂದೆಯೇ ಬಂದೆ ಅಂದವಳು ಬಂದೇ ಬರುತ್ತಾಳೆ, ಬಂದಾಗ ಎಲೆಯೇ ಇಲ್ಲದಿದ್ದರೆ ಹೇಗೆ? ದಿನಾ ಒಂದು ಎಲೆ ಹೆಚ್ಚು ಬಿತ್ತು. ದಿನಾ ಆ ಎಲೆಯ ಊಟ ನೀರುಪಾಲಾಯಿತು. ಅಳಿವೆಯಮ್ಮ ಕಂಡೂ ಕಾಣದ ಹಾಗೆ ಇದ್ದಳು.

ಆದರೆ ಆ ವರ್ಷ ಹೊಳೆ ಸೊರಗಿತ್ತು. ಬಡಿಸುವುದಕ್ಕೇ ಸಾಲದು. ಹೊಟ್ಟೆ ಚುರುಗುಟ್ಟುವಾಗ ಯಾರ ಬಾಯಿ ಸುಮ್ಮನಿರುತ್ತದೆ ಹೇಳು? ಖಾಲಿ ಎಲೆ ಎಲ್ಲರ ಕಣ್ಣಿಗೂ ಬಿತ್ತು, ಗುಸುಗುಸು ಶುರುವಾಯಿತು. ಕೊನೆಗೆ ಗುಂಪಿನ ಯಜಮಾನ, ಉದ್ದ ಕೊಕ್ಕಿನ ಗೊರವ, ಉಲ್ಲಂಕಿಯ ಹತ್ತಿರ ಬಂದ. ಅವನೇನೂ ಕೆಟ್ಟವನಲ್ಲ ಪಾಪ, ಮೆಲ್ಲಗೇ ಹೇಳಿದ.

"ನೋಡಮ್ಮಾ, ಬೊಮ್ಮಿ ಬರೋದಿಲ್ಲ. ನಿನಗೂ ಗೊತ್ತು. ಇವತ್ತು ಸರಿಯಾಗಿ ಎಣಿಸು."

ಉಲ್ಲಂಕಿ ದಿಬ್ಬದ ಮೇಲೆ ನಿಂತು ಎಣಿಸಿದಳು. ಎಲ್ಲರೂ ಅವಳ ಬಾಲವನ್ನೇ ನೋಡುತ್ತಿದ್ದರು. ಕೊನೆಯ ಹಕ್ಕಿಗೆ ನಿಲ್ಲಿಸಬೇಕು ಅಂತಲೇ ಇದ್ದಳು. ಆದರೆ ನಿಲ್ಲಿಸಿದರೆ ತಂಗಿ ಸತ್ತಳು ಅಂತ ತಾನೇ ಸಾರಿದ ಹಾಗೆ. ಬೇರೆ ಯಾರಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ, ತಾನೇ ಹೇಗೆ ಹೇಳುವುದು? ಬಾಲ ಇನ್ನೊಂದು ಸಲ ಕುಣಿದೇಬಿಟ್ಟಿತು.

"ಒಂದು ಎಲೆ ತೆಗೀಬೇಕು ತಾನೆ? ನನ್ನದು ತೆಗೀರಿ," ಅಂದಳು. "ಅವಳದು ಇರಲಿ."

ಕಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿದರೆ ಹೆಕ್ಕಿಕೋ ಮಗಳೇ ಅಂತಷ್ಟೇ ಅಳಿವೆಯಮ್ಮ ಹೇಳಿದಳು.

ಉಲ್ಲಂಕಿ ಪಂಕ್ತಿಯಿಂದ ಎದ್ದು ದೂರದ ಕಲ್ಲಿನ ಅಂಚಿಗೆ ಹೋಗಿ ಕೂತಳು. ಗುಂಪು ಎಷ್ಟು ಕರೆದರೂ ಹೋಗಲಿಲ್ಲ. ಚಳಿ ಕಳೆದು ಎಲ್ಲರೂ ಹಾರಿಹೋದ ಮೇಲೂ ಬಹಳ ದಿನ ಅಲ್ಲೇ ಇದ್ದಳು. ಬೊಮ್ಮಿ ಬರಲಿಲ್ಲ.

ಅದಕ್ಕೇ ಮಗಾ, ಅವಳ ವಂಶದವರು ಬೊಮ್ಮಿಯ ದಾರಿ ಕಾಯಲೆಂದು ಇವತ್ತಿಗೂ ಎಲ್ಲರಿಗಿಂತ ಮೊದಲು ಬರುತ್ತಾರೆ, ಎಲ್ಲರೂ ಹೋದ ಮೇಲೆ ಹೋಗುತ್ತಾರೆ. ಚಳಿಗಾಲದಲ್ಲಿ ದುರ್ಬೀನು ಹಿಡಿದು ನಮ್ಮ ಅಳಿವೆಯ ಹಕ್ಕಿ ಎಣಿಸಲು ಬರುತ್ತಾರಲ್ಲ, ಅವರು ಗುಂಪನ್ನೆಲ್ಲ ಎಣಿಸಿ ಮುಗಿಸಿ ಹೊರಡುವಾಗ ನೀನು ನೀರಂಚಿನ ಕಲ್ಲಿನ ಕಡೆ ನೋಡು, ಅಲ್ಲಿ ಒಂಟಿ ಉಲ್ಲಂಕಿಯ ಬಾಲ ಇನ್ನೂ ಕುಣಿಯುತ್ತಲೇ ಇರುತ್ತದೆ.