ಹೊಸ್ತಿಲು ಬೇಡ ಎಂದ ಮೇಸ್ತ್ರಿ

“ಬುದ್ಧಿ, ಹೊರದೇಶದಲ್ಲಿ ಮನೆ ಕಟ್ಟಿಸೋನು ಕೆಲಸಾನ ನಮ್ಮ ಕಡೆಯವರಿಗೆ ಕೊಡಬೇಕೋ, ಅಲ್ಲಿಯವರಿಗೇ ಕೊಡಬೇಕೋ?”

ಕೇಳಿದವನು ಗುರುಮಲ್ಲಪ್ಪ, ಮಠದ ಶಿಷ್ಯ. ಹನ್ನೆರಡು ವರ್ಷದಿಂದ ಸಮುದ್ರದಾಚೆಯ ಒಂದು ದೇಶದಲ್ಲಿ ದುಡಿಯುತ್ತಿದ್ದವನು ಅಲ್ಲಿಯೇ ನೆಲೆ ನಿಲ್ಲಲು ಮನಸ್ಸು ಮಾಡಿದ್ದ. ರಜೆಗೆ ಊರಿಗೆ ಬಂದವನು ನೇರವಾಗಿ ಗುರುಗಳ ಬಳಿಗೆ ಬಂದಿದ್ದ. ಕಂಕುಳಲ್ಲಿ ಸುರುಳಿ ಸುತ್ತಿದ ಮನೆಯ ನಕ್ಷೆಯಿತ್ತು.

“ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದರು ಗುರುಗಳು.

“ಇಬ್ಬರಿಗೂ ನಕ್ಷೆ ತೋರಿಸಿದೆ ಬುದ್ಧಿ. ಅಲ್ಲಿಯವನು ಎರಡು ಕಡೆ ಬೆರಳಿಟ್ಟು ಆಗಲ್ಲ ಅಂದ. ಮೊದಲನೇ ದಿನವೇ ಅಪಶಕುನ. ನಮ್ಮ ಕಡೆಯವನು ನೋಡಿದ ತಕ್ಷಣ ಒಪ್ಪಿಕೊಂಡ. ಎಷ್ಟಾದರೂ ನಮ್ಮವರು ನಮ್ಮವರೇ ಅಲ್ಲವಾ?”

ಗುರುಗಳು ಕೂರುವಂತೆ ಕೈಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ನಮ್ಮ ಬಯಲುಸೀಮೆಯವನೇ. ಹಡಗು ಹತ್ತಿ ದೂರದ ಒಂದು ಕಡಲತೀರದ ನಾಡಿಗೆ ಹೋಗಿ ಅಲ್ಲಿ ವ್ಯಾಪಾರ ಕುದುರಿಸಿಕೊಂಡ. ಹೆಂಡತಿ ಮಾತ್ರ ಊರಿನಲ್ಲೇ ಉಳಿದಳು. ಅವನು ಕರೆದಾಗಲೆಲ್ಲ ಅವಳದು ಒಂದೇ ಉತ್ತರ. ಕಂಡವರ ಮನೆಯಲ್ಲಿ ನಾನು ಒಲೆ ಹಚ್ಚುವವಳಲ್ಲ, ನಮ್ಮ ಮನೆಯಂಥ ಮನೆ ಕಟ್ಟಿಸಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು. ಗಂಡಹೆಂಡಿರು ಒಟ್ಟಿಗೆ ಇದ್ದದ್ದು ಆರು ತಿಂಗಳೂ ಇಲ್ಲ. ತಾನೇ ಬೇಯಿಸಿಕೊಂಡು ತಿಂದು ತಿಂದು ವರ್ತಕನಿಗೆ ಬದುಕೇ ಸಪ್ಪೆಯಾಗಿತ್ತು. ಕಡೆಗೊಂದು ದಿನ ಮನೆ ಕಟ್ಟಿಸಿಯೇ ತೀರುತ್ತೇನೆಂದು ಎದ್ದು ನಿಂತ.

ಇಬ್ಬರು ಮೇಸ್ತ್ರಿಗಳನ್ನು ಕರೆಸಿದ. ಒಬ್ಬ ಆ ನಾಡಿನವನು. ಇನ್ನೊಬ್ಬ ನಮ್ಮ ಸೀಮೆಯವನು, ಇಪ್ಪತ್ತು ವರ್ಷದ ಹಿಂದೆಯೇ ಹೋಗಿ ಅಲ್ಲಿ ನೆಲೆಸಿದ್ದವನು. ಆ ನಾಡಿನ ಮಾತು ವರ್ತಕನಿಗೆ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ನಮ್ಮವನೇ ನಡುವೆ ನಿಂತು ಇವನದನ್ನು ಅವನಿಗೂ ಅವನದನ್ನು ಇವನಿಗೂ ತಿಳಿಸುತ್ತಿದ್ದ. ವರ್ತಕ ಒಂದು ಕಡ್ಡಿ ಹಿಡಿದು ಮರಳಿನ ಮೇಲೆ ಮನೆ ಗೀಚಿದ. ಮುಂದೆ ಜಗಲಿ. ಬಾಗಿಲಿಗೆ ಗೇಣೆತ್ತರದ ಕಲ್ಲಿನ ಹೊಸ್ತಿಲು. ಮನೆಯ ನಡುವೆ ಆಕಾಶ ಕಾಣುವ ಹಾಗೆ ತಗ್ಗಿನ ತೊಟ್ಟಿ. ಸುತ್ತಲೂ ಮಣ್ಣಿನ ದಪ್ಪ ಗೋಡೆ. ಗೀಚುತ್ತ ಗೀಚುತ್ತ ಅವನ ಕಣ್ಣು ತುಂಬಿ ಬಂತು.

ಆ ನಾಡಿನ ಮೇಸ್ತ್ರಿ ಕುಕ್ಕರುಗಾಲಿನಲ್ಲಿ ಕೂತು ನೋಡಿದ. ಹೊಸ್ತಿಲಿನ ಮೇಲೆ ಬೆರಳಿಟ್ಟು ಬೇಡ ಎಂದ. ತೊಟ್ಟಿಯ ಮೇಲೆ ಬೆರಳಿಟ್ಟು ಅದೂ ಬೇಡ ಎಂದ.

ವರ್ತಕನಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಬೆಳಗೆದ್ದು ಅರಿಶಿನ ಹಚ್ಚಿ, ಕುಂಕುಮವಿಟ್ಟು, ಹೂವೇರಿಸುವ ಜಾಗ ಆ ಹೊಸ್ತಿಲು. ಅದೇ ಬೇಡವಂತೆ!

“ಹೊಸ್ತಿಲಿಲ್ಲದ್ದು ಮನೆ ಅಲ್ಲ, ದನದ ಕೊಟ್ಟಿಗೆ ಅಂತ ಹೇಳು ಅವನಿಗೆ. ಹೊರಡೋಕೆ ಹೇಳು” ಎಂದ. ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಆ ನಾಡಿನವನು ಇನ್ನೇನೋ ಹೇಳಲು ಬಾಯಿ ತೆರೆದವನು, ವರ್ತಕನ ಮುಖ ನೋಡಿ ಸುಮ್ಮನಾಗಿ ಎದ್ದು ಹೋದ.

ನಮ್ಮ ಸೀಮೆಯ ಮೇಸ್ತ್ರಿ ಅವನು ಹೋದ ದಾರಿಯನ್ನೊಮ್ಮೆ ನೋಡಿದ. ಆಮೇಲೆ ಹೇಳಿದ, “ನಮ್ಮೂರ ಮನೇನೇ ತಾನೆ ಯಜಮಾನ್ರೇ? ಕಣ್ಣು ಮುಚ್ಚಿಕೊಂಡು ಕಟ್ಟಿಕೊಡ್ತೀನಿ.”

ವರ್ತಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಾತು ಕೊಟ್ಟಂತೆಯೇ ಮೇಸ್ತ್ರಿ ಕಟ್ಟಿದ. ಕೆಲಸದಲ್ಲಿ ಎಳ್ಳಷ್ಟೂ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು. ಹೆಂಡತಿ ಬಂದಳು. ಜಗಲಿ ನೋಡಿದಳು, ತೊಟ್ಟಿ ನೋಡಿದಳು, ಹೊಸ್ತಿಲಿನ ಮುಂದೆ ಬಗ್ಗಿ ನಮಸ್ಕಾರ ಮಾಡಿ ಬಲಗಾಲಿಟ್ಟು ಒಳಗೆ ಬಂದಳು. ಅವತ್ತು ವರ್ತಕ ಎರಡು ತುತ್ತು ಹೆಚ್ಚಿಗೆ ಉಂಡ.

ಆ ನಾಡಿನಲ್ಲಿ ವರ್ಷಕ್ಕೊಮ್ಮೆ, ಗಾಳಿ ತಿರುಗುವ ಕಾಲದ ಒಂದು ಅಮಾವಾಸ್ಯೆಯಂದು, ಕಡಲು ಉಕ್ಕಿ ಊರೊಳಗೆ ಬರುತ್ತಿತ್ತು. ಬಂದಷ್ಟೇ ಬೇಗ ಹಿಂದಕ್ಕೆ ಹೋಗುತ್ತಿತ್ತು. ವರ್ತಕ ಅದುವರೆಗೆ ಬಾಡಿಗೆಗಿದ್ದ ದಿಬ್ಬದ ಮೇಲಿನ ಕೋಣೆಗೆ ಆ ನೀರು ಹತ್ತುತ್ತಿರಲಿಲ್ಲವಾದ್ದರಿಂದ ಅವನು ಅದನ್ನು ಮನಸ್ಸಿಗೇ ತಂದುಕೊಂಡಿರಲಿಲ್ಲ. ಅಲ್ಲಿಯ ಜನ ಮುಂಬಾಗಿಲು ಹಿಂಬಾಗಿಲು ಎರಡನ್ನೂ ತೆರೆದಿಟ್ಟು, ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಕೂರುತ್ತಿದ್ದರು. ಒಂದು ಕಡೆಯಿಂದ ಬಂದ ನೀರು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಆಮೇಲೆ ನೆಲ ಗುಡಿಸಿ ಅಡುಗೆಗೆ ಇಡುತ್ತಿದ್ದರು.

ಮೊದಲ ವರ್ಷ ನೀರು ಕಡಿಮೆ ಬಂತು. ಪಕ್ಕದ ಮನೆಗಳಲ್ಲೆಲ್ಲ ಪಾದ ಮುಳುಗುವಷ್ಟು ನೀರು ಹರಿದರೂ ವರ್ತಕನ ಮನೆಯೊಳಗೆ ಒಂದು ತೊಟ್ಟೂ ಬರಲಿಲ್ಲ. ಹೊಸ್ತಿಲು ತಡೆದು ನಿಲ್ಲಿಸಿತ್ತು. ವರ್ತಕ ಬೀದಿಯಲ್ಲಿ ಎದೆಯುಬ್ಬಿಸಿ ನಡೆದ. ಆ ನಾಡಿನ ಮೇಸ್ತ್ರಿ ಎದುರಿಗೆ ಸಿಕ್ಕಾಗ ಬೇಕೆಂದೇ ನಿಂತು ನಕ್ಕ. ಆ ಮೇಸ್ತ್ರಿ ನಗಲಿಲ್ಲ.

ಮರುವರ್ಷದ ಹೊತ್ತಿಗೆ ವರ್ತಕನಿಗೆ ಒಂದು ಹೆಣ್ಣುಮಗುವಾಗಿತ್ತು. ಆ ವರ್ಷ ನೀರು ಮೊಣಕಾಲು ಮುಟ್ಟುವಷ್ಟು ಬಂತು. ಹೊಸ್ತಿಲು ದಾಟಿತು. ತೊಟ್ಟಿ ತುಂಬಿ ನಡುಮನೆಗೆ ಏರಿತು. ಮಧ್ಯಾಹ್ನದ ಹೊತ್ತಿಗೆ ಕಡಲು ಹಿಂದಕ್ಕೆ ಸರಿದು ಬೀದಿಯೆಲ್ಲ ಬರಿದಾಯಿತು. ವರ್ತಕನ ಮನೆಯಲ್ಲಿ ಮಾತ್ರ ಗೇಣೆತ್ತರ ನೀರು ಹಾಗೆಯೇ ನಿಂತಿತ್ತು. ತೊಟ್ಟಿಯ ನೀರು ಹೊರಗೆ ಹೋಗುವ ಕಿಂಡಿಯನ್ನು ಕೆಸರು ಮುಚ್ಚಿತ್ತು. ಒಳಗೆ ಬಂದದ್ದನ್ನು ಹೊಸ್ತಿಲು ಹೊರಗೆ ಬಿಡಲಿಲ್ಲ. ಗಂಡಹೆಂಡಿರು ಬಿಂದಿಗೆಯಲ್ಲಿ ಮೊಗೆದು ಮೊಗೆದು ಚೆಲ್ಲಿದರು. ಮಣ್ಣಿನ ಗೋಡೆ ಅಷ್ಟರಲ್ಲಿ ನೀರು ಕುಡಿಯುತ್ತಲೇ ಇತ್ತು. ಸಂಜೆಗೆ ಮುಂಚೆ ತೊಟ್ಟಿಲು ಕಟ್ಟಿದ್ದ ಕೋಣೆಯ ಗೋಡೆ ಒಂದೇ ಸಲಕ್ಕೆ ಕುಸಿದು ತೊಟ್ಟಿಲ ಮೇಲೆ ಬಿತ್ತು. ಮಗು ತಾಯಿಯ ಕಂಕುಳಲ್ಲಿತ್ತು. ಅದೊಂದೇ ಪುಣ್ಯ.

ಕಡಲು ಇಳಿದ ಮೇಲೆ ಮನೆಮನೆಗೂ ಹೋಗಿ ನೋಡಿಕೊಂಡು ಬರುವುದು ಆ ನಾಡಿನ ಮೇಸ್ತ್ರಿಗಳ ವಾಡಿಕೆ. ಯಾರು ಕಟ್ಟಿದ ಮನೆಯೆಂದು ಅವರು ನೋಡುವುದಿಲ್ಲ. ಹಾಗೆ ಬಂದ ಆ ಮೇಸ್ತ್ರಿ ವರ್ತಕನ ಬಾಗಿಲಲ್ಲಿ ಹಾರೆ ಹಿಡಿದು ನಿಂತ. ಹೊಸ್ತಿಲನ್ನು ತೋರಿಸಿದ. ಒಡೆಯಲೇ ಎನ್ನುವಂತೆ ಹಾರೆ ಎತ್ತಿದ. ವರ್ತಕ ಹೆಂಡತಿಯ ಮುಖ ನೋಡಿದ. ಒಳಗೆ ಇನ್ನೊಂದು ಗೋಡೆ ಬಿರುಕು ಬಿಟ್ಟ ಸದ್ದು ಕೇಳಿಸಿತು.

“ಒಡೀಲಿ ಬಿಡಿ” ಎಂದಳು ಹೆಂಡತಿ. “ಮಗೂಗಿಂತ ಹೆಚ್ಚಾ ಅದು?” ಹಾಗೆಂದು, ನೋಡಲಾರದೆ ಮುಖ ತಿರುಗಿಸಿಕೊಂಡಳು. ಬೆಳಿಗ್ಗೆ ಅವಳೇ ಹಚ್ಚಿದ ಅರಿಶಿನ ಆ ಕಲ್ಲಿನ ಮೇಲೆ ಅಲ್ಲಲ್ಲಿ ಉಳಿದಿತ್ತು. ನಾಲ್ಕು ಏಟಿಗೆ ಹೊಸ್ತಿಲು ಎದ್ದು ಬಂತು. ನಿಂತ ನೀರು ಬೀದಿಗೆ ನುಗ್ಗಿತು. ಉಳಿದ ಗೋಡೆಗಳು ಉಳಿದವು.

ಮಾರನೆಯ ಬೆಳಿಗ್ಗೆ ಹೆಂಡತಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಊರಿಗೆ ಹೊರಟೆ ಎಂದಳು. ವರ್ತಕ ಸಿಟ್ಟಿನಿಂದ ಕುದಿಯುತ್ತ ನಮ್ಮ ಸೀಮೆಯ ಮೇಸ್ತ್ರಿಯ ಮನೆಗೆ ಹೋದ. ಅಲ್ಲಿಯವರೆಗೆ ಅವನು ಆ ಮನೆಗೆ ಒಮ್ಮೆಯೂ ಹೋದವನಲ್ಲ. ಬಾಗಿಲಿಗೆ ಹೋದವನು, ಒಳಗೆ ಕಾಲಿಡುವ ಮೊದಲೇ ಕೆಳಗೆ ನೋಡಿ ನಿಂತುಬಿಟ್ಟ.

ಆ ಮನೆಗೆ ಹೊಸ್ತಿಲೇ ಇರಲಿಲ್ಲ. ಹೊಸ್ತಿಲಿರಬೇಕಾದ ಜಾಗದಲ್ಲಿ, ಬರಿಯ ನೆಲದ ಮೇಲೆ, ಅರಿಶಿನದಿಂದ ಒಂದು ಗೆರೆ ಎಳೆದು, ಅದರ ಮೇಲೆ ಕುಂಕುಮದ ಬೊಟ್ಟುಗಳನ್ನಿಟ್ಟು ಎರಡು ಹೂವಿಟ್ಟಿದ್ದರು. ನಿನ್ನೆಯ ನೀರು ಅಳಿಸಿದ್ದನ್ನು ಮೇಸ್ತ್ರಿಯ ಹೆಂಡತಿ ಅದೇ ತಾನೆ ಮತ್ತೆ ಎಳೆದಿದ್ದಳು. ಕೈ ಇನ್ನೂ ಹಳದಿಯಾಗಿತ್ತು. ನಡುವೆ ತೊಟ್ಟಿಯೂ ಇಲ್ಲ, ಬಾಗಿಲಿನಿಂದ ನೋಡಿದರೆ ಹಿಂಬಾಗಿಲಿನಾಚೆಯ ಹಿತ್ತಲು ನೇರವಾಗಿ ಕಾಣುತ್ತಿತ್ತು.

“ನಿನ್ನ ಮನೆ ಯಾರು ಕಟ್ಟಿದ್ದು?” ಎಂದ ವರ್ತಕ.

“ಅವನೇ. ನೀವು ಅವತ್ತು ಓಡಿಸಿದ್ರಲ್ಲ, ಅವನೇ.”

“ಎಲ್ಲಾ ಗೊತ್ತಿದ್ದೂ ನನಗೆ ಯಾಕಯ್ಯಾ ಹೇಳಲಿಲ್ಲ?”

ಮೇಸ್ತ್ರಿ ತಲೆ ತಗ್ಗಿಸಿದ. “ಹೇಳದೆ ಇದ್ದದ್ದು ನನ್ನ ತಪ್ಪೇ ಯಜಮಾನ್ರೇ. ಆದ್ರೆ ಬೇಡ ಅಂದವನಿಗೆ ಏನಾಯ್ತು ಅಂತ ನಾನು ಅಲ್ಲೇ ನಿಂತು ನೋಡಿದ್ನಲ್ಲ.”

ವರ್ತಕ ಎಷ್ಟೋ ಬೈಗುಳ ಹೊತ್ತುಕೊಂಡು ಹೋಗಿದ್ದ. ಒಂದನ್ನೂ ಆಡದೆ ಹಿಂದಿರುಗಿದ. ಮನೆಯಲ್ಲಿ ಹೆಂಡತಿ ಗಂಟು ಕಟ್ಟಿ ಮುಗಿಸಿ, ಹೊಸ್ತಿಲು ಕಿತ್ತ ಜಾಗದ ಎದುರು ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ಹೊರಡುವ ದಿನವಾದರೂ ಪೂಜೆ ತಪ್ಪಿಸಬಾರದೆಂದು ಅವಳ ಮನಸ್ಸು. ಎಲ್ಲಿ ಹಚ್ಚಬೇಕೆಂದು ತಿಳಿಯದೆ ಅಳುತ್ತಿದ್ದಳು. ವರ್ತಕ ತಾನು ಕಂಡ ಗೆರೆಯ ಸಂಗತಿ ಹೇಳಿದ. ಅವಳು ಕಣ್ಣೊರೆಸಿಕೊಂಡು, ಬಗ್ಗಿ ಬರಿಯ ನೆಲದ ಮೇಲೆ ಒಂದು ಗೆರೆ ಎಳೆದಳು. ಗಂಟು ಬಿಚ್ಚಿದಳು. ವರ್ತಕ ಆ ನಾಡಿನ ಮೇಸ್ತ್ರಿಯ ಮನೆಯ ಕಡೆ ನಡೆದ. ಈ ಸಲ ಕೇಳಬೇಕಾದದ್ದನ್ನು ಆ ನಾಡಿನ ಮಾತಿನಲ್ಲೇ ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುತ್ತ ಹೋದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಗುರುಮಲ್ಲಪ್ಪ ತಲೆದೂಗಿದ. “ಹಾಗಾದರೆ ಅಲ್ಲಿಯವನಿಗೇ ಕೊಡಬೇಕು ಅಂತೀರಾ ಬುದ್ಧಿ?”

ಗುರುಗಳು ಅವನ ಕಂಕುಳಿನ ಸುರುಳಿಯನ್ನು ತೆಗೆದುಕೊಂಡು ಅವನ ಮುಂದೆ ನೆಲದ ಮೇಲೆ ಹರಡಿದರು.

“ಅವನು ಆಗಲ್ಲ ಅಂತ ಬೆರಳಿಟ್ಟ ಆ ಎರಡು ಜಾಗ ಯಾವುದು, ತೋರಿಸು.”

ಗುರುಮಲ್ಲಪ್ಪನ ಬೆರಳು ನಕ್ಷೆಯ ಮೇಲೆ ಅತ್ತ ಹೋಯಿತು, ಇತ್ತ ಬಂತು, ಎಲ್ಲಿಯೂ ನಿಲ್ಲಲಿಲ್ಲ.